ಅಯ್ನೋರಿಗೆ ಬಿನ್ನಹ ಹೇಳದ ವರ್ಷ

ಅಲ್ಲ, ನಲ್ಲಿಯ ಹತ್ತಿರ ಅಲ್ಲವೇನೋ. ನಲ್ಲಿಯ ಹತ್ತಿರ ಎಂದು ಬರೆದು ಎರಡು ಸಲ ಹೊಡೆದುಹಾಕಿದ್ದೇನೆ. ನನ್ನ ನೆನಪಿನಲ್ಲಿ ನಾನು ನಂಜನಗೂಡಿನ ನಮ್ಮ ಮನೆಯ ಹಿತ್ತಿಲಿನಲ್ಲಿ ಪುರಸಭೆಯ ನಲ್ಲಿಗೆ ಬಿಂದಿಗೆ ಹಿಡಿದು, ಬಗ್ಗಿದವಳು ಬಗ್ಗಿದಂತೆಯೇ ಗಂಡನಿಗೆ ಆ ಮಾತು ಹೇಳಿದೆ. ಅವರ ಪ್ರಕಾರ ಅದು ಅಡುಗೆಮನೆ. ನಾನು ರೊಟ್ಟಿ ತಟ್ಟುತ್ತಿದ್ದೆ, ಕೈಗೆಲ್ಲ ಅಕ್ಕಿಹಿಟ್ಟು ಮೆತ್ತಿತ್ತು, ಆ ಕೈಯನ್ನೇ ಅವರ ಮುಖದ ಮುಂದೆ ಆಡಿಸಿದೆ. ಹಾಗೆ ಕೈ ಆಡಿಸುವ ಹೆಂಗಸು ನಾನಲ್ಲ ಎಂದು ನನಗನ್ನಿಸುತ್ತದೆ. ಆದರೆ ನಲ್ಲಿಯ ಚಿತ್ರದಲ್ಲಿ ನಾನು ನನ್ನ ಬೆನ್ನನ್ನೇ ನೋಡುತ್ತಿದ್ದೇನೆ. ತನ್ನ ಬೆನ್ನನ್ನು ತಾನೇ ನೋಡುವ ನೆನಪು ಎಂಥ ನೆನಪು? ಅದನ್ನು ನಾನು ಆಮೇಲೆ ಕಟ್ಟಿಕೊಂಡಿರಬೇಕು.

ಎಲ್ಲಿ ಹೇಳಿದೆ ಎಂಬುದು ಹೋಗಲಿ. ಏನು ಹೇಳಿದೆ ಎಂಬುದರಲ್ಲಿ ಇಬ್ಬರಿಗೂ ಅನುಮಾನವಿಲ್ಲ.

"ಇನ್ನು ಹದಿನೈದು ದಿನ ನಾನು ನಿಮಗೆ ಏನೂ ನೆನಪಿಸಲ್ಲ. ನೀರು, ಗ್ಯಾಸು, ಅತ್ತೆ ಮಾತ್ರೆ, ಮಾವನ ವರ್ಷದ ಪೂಜೆ. ಈ ನಾಲ್ಕೂ ನಿಮ್ಮವು. ಕೈಕೆಲಸ ಮಾತ್ರ ಅಲ್ಲ, ಅದರ ಯೋಚನೇನೂ ನಿಮ್ಮದೇ."

ತೊಂಬತ್ತೇಳೋ ತೊಂಬತ್ತೆಂಟೋ. ಬಡ್ತಿಯ ಆದೇಶದ ಪ್ರತಿ ಹುಡುಕಿದರೆ ತಿಳಿಯುತ್ತದೆ, ಹುಡುಕುವುದಿಲ್ಲ. ಅದುವರೆಗೆ ನಾನು ಮನೆಯಿಂದ ಹತ್ತು ನಿಮಿಷದ ನಡಿಗೆಯಲ್ಲಿದ್ದ ಒಂದು ಸರ್ಕಾರಿ ಕಚೇರಿಯಲ್ಲಿ ಎರಡನೇ ದರ್ಜೆ ಗುಮಾಸ್ತೆ. ಮಧ್ಯಾಹ್ನ ಬಂದು ಅತ್ತೆಗೆ ಊಟ ಬಡಿಸಿ, ಒಗೆದ ಬಟ್ಟೆ ತಿರುವಿ ಹಾಕಿ ಮತ್ತೆ ಕಚೇರಿಗೆ ಓಡುತ್ತಿದ್ದೆ. ಆದೇಶ ಬಂದದ್ದು ಒಂದನೇ ದರ್ಜೆಗೆ, ತಿ. ನರಸೀಪುರದಲ್ಲಿ. ಹದಿನೈದು ದಿನದೊಳಗೆ ಹೋಗಿ ಹಾಜರಾಗಬೇಕು, ಇಲ್ಲವಾದರೆ ಬಡ್ತಿ ಬೇಡವೆಂದು ಬರೆದುಕೊಡಬೇಕು. ನೇರ ಬಸ್ಸು ಬೆಳಿಗ್ಗೆ ಏಳೂಕಾಲಿಗೆ. ವಾಪಸ್ಸು ಮನೆ ಸೇರುವಾಗ ಏಳು.

ಮನೆಯಲ್ಲಿ ಏಳು ಜನ. ಅತ್ತೆ, ನಾವಿಬ್ಬರು, ಇಬ್ಬರು ಮಕ್ಕಳು, ಮದುವೆಯಾಗದ ಮೈದುನ, ಹೆಮ್ಮಿಗೆಯ ನಾದಿನಿಯ ಮಗಳು. ಈ ಹುಡುಗಿ ಪಿಯುಸಿ ಓದಲು ಬಂದು ನಮ್ಮಲ್ಲೇ ಉಳಿದಿದ್ದಳು. ನನ್ನ ಗಂಡ ಹೈಸ್ಕೂಲು ಮೇಷ್ಟರು. ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಬೀದಿಯೆಲ್ಲ ನನಗೆ ಇದನ್ನೇ ಹೇಳುತ್ತಿತ್ತು. "ಅಂತಾ ಗಂಡ ಸಿಕ್ಬೇಕು ಕಣವ್ವ, ಏಳಿದ್ದೆಲ್ಲಾ ಮಾಡ್ತಾನೆ."

ಹೇಳಿದ್ದೆಲ್ಲ. ಅಲ್ಲೇ ಇತ್ತು ನನ್ನ ಜಗಳ.

ಹೇಳಬೇಕಾದರೆ ಮೊದಲು ನನ್ನ ತಲೆಯಲ್ಲಿ ಅದು ಇರಬೇಕಲ್ಲ. ವಿಭೂತಿ ಹಚ್ಚಿಕೊಂಡು ಕಣ್ಣು ಮುಚ್ಚಿ ನಿಂತರೆ ಶಿವನ ಬದಲು ಬರುತ್ತಿದ್ದದ್ದು ಇದು: ಇವತ್ತು ನೀರು ಬರುವ ದಿನ, ಬಿಂದಿಗೆ ತೊಳೆದಿಲ್ಲ, ಸಿಲಿಂಡರು ಅಲ್ಲಾಡಿಸಿದರೆ ಹಗುರ ಇದೆ, ಅತ್ತೆಯ ಸಕ್ಕರೆ ಮಾತ್ರೆ ಶುಕ್ರವಾರಕ್ಕೆ ಮುಗಿಯುತ್ತೆ, ಶುಕ್ರವಾರ ಮೆಡಿಕಲ್ ಅಂಗಡಿಯವನು ಬೇಗ ಮುಚ್ಚುತ್ತಾನೆ, ಮಗಳ ಬೂಟು ಬೆರಳು ಒತ್ತುತ್ತಿದೆ ಅಂದಳು, ಮೈದುನನಿಗೆ ಬದನೆಕಾಯಿ ಆಗದು, ನಾಳೆ ಬದನೆಕಾಯಿಯೇ ಇರೋದು, ನಾದಿನಿಯ ಮಗಳ ಪರೀಕ್ಷೆ ಅರ್ಜಿಗೆ ಫೋಟೊ ತೆಗೆಸಬೇಕು, ಓಂ ನಮಃ ಶಿವಾಯ, ಹಿಟ್ಟಿನ ಗಿರಣಿಯಲ್ಲಿ ರಾಗಿ ಬಿಟ್ಟು ಬಂದೆನಲ್ಲ. ಇಷ್ಟರಲ್ಲಿ ಯಾವುದೂ ಬೆವರು ಬರಿಸುವ ಕೆಲಸವಲ್ಲ. ಹಾಗಾಗಿ ಇದು ಯಾರ ಕಣ್ಣಿಗೂ ಕೆಲಸವೆಂದು ಕಾಣಲಿಲ್ಲ. ನಾನು ಸುಮ್ಮನೆ ಕುಳಿತಿದ್ದಾಗ "ಆರಾಮಾಗಿದ್ದೀಯಲ್ಲ" ಎನ್ನುತ್ತಿದ್ದರು.

ಬಡ್ತಿಯ ಸುದ್ದಿ ತಿಳಿದ ದಿನ ಗಂಡ ಖುಷಿಪಟ್ಟರು. ಎರಡನೇ ದಿನ ಅವರ ಮುಖ ಸಪ್ಪೆಯಾಯಿತು. ಮೂರನೇ ದಿನ, ಆದೇಶ ನನ್ನ ಕೈಸೇರಿದ ದಿನ, ಬಿಳಿ ಹಾಳೆಯಲ್ಲಿ ಮಾರ್ಜಿನ್ ಬಿಟ್ಟು ದುಂಡಗೆ ಬರೆದ ಒಂದು ಕಾಗದ ತಂದುಕೊಟ್ಟರು. ಕೌಟುಂಬಿಕ ಕಾರಣಗಳಿಂದ ಬಡ್ತಿಯನ್ನು ಒಪ್ಪಿಕೊಳ್ಳಲಾಗುತ್ತಿಲ್ಲ ಎಂದು ನನ್ನ ಪರವಾಗಿ ಬರೆದದ್ದು. ಸಹಿಯ ಜಾಗ ಖಾಲಿ. ಯಾರೂ ಹೇಳದೆ, ತಾವೇ ಮುಂಚಿತವಾಗಿ ಯೋಚಿಸಿ, ಈ ಮನೆಗಾಗಿ ಅವರು ಮಾಡಿದ ಮೊದಲ ಕೆಲಸ ಅದು. ಅದನ್ನು ಓದಿ ನನಗೆ ನಗು ಬಂತು. ನಗು ಬಂತು ಎಂದು ಈಗ ಬರೆಯುತ್ತಿದ್ದೇನೆ. ಅಂದು ಬಹುಶಃ ಅತ್ತಿರಬೇಕು.

"ನಾನು ಹೋಗಬೇಡ ಅಂತಿಲ್ಲ," ಎಂದರು. "ಮನೆ ನಡೆಯಲ್ಲ ಅಂತಿದೀನಿ ಅಷ್ಟೆ."

"ನಡೆಯಲ್ಲ ಅಂತ ಹೆಂಗೆ ಗೊತ್ತು? ನಾನು ಸತ್ತು ನೋಡಿದ್ದೀನಾ?"

"ಹೇಳಿದ್ರೆ ಮಾಡಲ್ವಾ ನಾನು? ಏನ್ ಬೇಕು ಹೇಳು."

ಆಗಲೇ ಆ ಮಾತು ಬಂದದ್ದು, ನಲ್ಲಿಯ ಹತ್ತಿರವೋ ಅಡುಗೆಮನೆಯಲ್ಲೋ. ಹದಿನೈದನೇ ದಿನದವರೆಗೆ ನಾಲ್ಕು ವಿಷಯ ಅವರವು. ಮನೆ ನಡೆದರೆ ನಾನು ಬಸ್ಸು ಹತ್ತುತ್ತೇನೆ, ನಡೆಯದಿದ್ದರೆ ಕಾಗದಕ್ಕೆ ಸಹಿ ಹಾಕುತ್ತೇನೆ. ಒಪ್ಪಿದರು. ಕಾಗದವನ್ನು ರೇಡಿಯೋ ಕೆಳಗೆ ಇಟ್ಟರು.

ಮೊದಲ ಸಲ ನೀರು ಬಂದ ದಿನವೇ ತಪ್ಪಿತು. ಐದಕ್ಕೆ ಎದ್ದು ನಲ್ಲಿ ತಿರುಗಿಸುವವರಿಲ್ಲ. ನನಗೆ ಎಚ್ಚರವಿತ್ತು. ನೀರು ಬರುವ ಮೊದಲು ಪೈಪು ಒಂದು ಥರ ಕೆಮ್ಮುತ್ತದೆ, ಆ ಕೆಮ್ಮು ಕೇಳಿಸಿತು; ಮಗ್ಗುಲು ಬದಲಿಸಿ ಮಲಗಿದೆ. ಪಕ್ಕದ ಮನೆಯ ಬೋರಿನಿಂದ ಹೊತ್ತು ತಂದ ನೀರಿನಲ್ಲಿ ಏಳೂ ಜನ ಮುಖ ತೊಳೆದೆವು. ಮೈದುನ, "ಏನತ್ಗೆ, ಸ್ಟ್ರೈಕಾ?" ಎಂದ. "ಅಣ್ಣನ್ನ ಕೇಳಪ್ಪ," ಎಂದೆ. ಮುಂದಿನ ಸರದಿಗೆ ಗಂಡ ಅಲಾರಂ ಇಟ್ಟು ಎದ್ದರು. ಮಾತ್ರೆ ಒಂದು ದಿನ ತಡವಾಗಿ ಬಂತು. ಗ್ಯಾಸು ಮಾತ್ರ ನಾನು ಬುಕ್ ಮಾಡುತ್ತಿದ್ದುದಕ್ಕಿಂತ ಮೊದಲೇ ಮಾಡಿಬಿಟ್ಟಿದ್ದರು! ಇದನ್ನು ಬರೆಯದಿದ್ದರೆ ಈ ಬರಹ ಅಪ್ರಾಮಾಣಿಕವಾಗುತ್ತದೆ. ಹತ್ತು ದಿನ ಹೀಗೆ ಕುಂಟುತ್ತ ಹೋಯಿತು. ನಾನು ಗೆಲ್ಲುತ್ತಿದ್ದೇನೆ ಎಂದುಕೊಂಡೆ.

ಹನ್ನೆರಡನೇ ದಿನ ಮಾವನ ವರ್ಷದ ಪೂಜೆ.

ನಮ್ಮ ಮನೆಯ ಪದ್ಧತಿ ಹೇಳಬೇಕು. ಅವತ್ತು ನಮ್ಮ ಮನೆತನದ ಜಂಗಮರು, ನಾವು ಅಯ್ನೋರು ಎನ್ನುವವರು, ಬಂದು, ಅವರ ಪಾದಪೂಜೆಯಾಗಿ, ಅವರು ಉಂಡು ಪ್ರಸಾದ ಮಾಡಿದ ಮೇಲೆಯೇ ಮನೆಯವರಿಗೆ ಊಟ. ಅವರನ್ನು ಹಾಗೆ ಕರೆಯುವುದಕ್ಕೆ ಬಿನ್ನಹ ಎನ್ನುತ್ತಾರೆ. ಫೋನಿನಲ್ಲಿ ಹೇಳುವಂತಿಲ್ಲ, ಆ ದಿನವೇ ಹೋಗಿ ಎಳೆದು ತರುವಂತಿಲ್ಲ. ಹಿಂದಿನ ದಿನ ಸಂಜೆ ಮೈ ತೊಳೆದು, ಹಣೆಗೆ ವಿಭೂತಿ ಇಟ್ಟು, ಎಲೆ ಅಡಿಕೆ ಹಿಡಿದು, ಮನೆಯ ಗಂಡಸು ಅವರ ಬಾಗಿಲಿಗೇ ಹೋಗಿ ಹೇಳಿ ಬರಬೇಕು. ಮಾವ ಹೋದ ಮೇಲೆ ಏಳು ವರ್ಷವೂ ನನ್ನ ಗಂಡನೇ ಹೋಗಿ ಹೇಳಿ ಬಂದಿದ್ದರು. ಏಳು ವರ್ಷವೂ ಹಿಂದಿನ ದಿನ ಸಂಜೆ ಐದೂವರೆಗೆ, "ರೀ, ಅಯ್ನೋರಿಗೆ ಬಿನ್ನಹ" ಎಂದವಳು ನಾನು. ಹೋಗುವುದನ್ನು ಬೀದಿ ನೋಡಿತ್ತು. ಅನ್ನುವುದನ್ನು ಯಾರೂ ನೋಡಿರಲಿಲ್ಲ, ಅವರೂ ಸಹ.

ಆ ಸಂಜೆ ಅವರು ಎಲ್ಲವನ್ನೂ ತಂದಿದ್ದರು. ಬಿಲ್ವಪತ್ರೆ, ಹೂವು, ಬಾಳೆಹಣ್ಣು, ಬಾಳೆಎಲೆ. ಎರಡು ದಿನ ಮೊದಲೇ ರಜೆ ಬರೆದುಕೊಟ್ಟಿದ್ದರು. ಹೆಮ್ಮಿಗೆಯಿಂದ ನಾದಿನಿ ಒಂದು ಚೀಲ ಸೊಪ್ಪು, ಒಂದು ಕುಂಬಳಕಾಯಿ ಹೊತ್ತು ಬಂದಿದ್ದಳು. ಐದೂವರೆ ಆಯಿತು. ಅವರು ಜಗಲಿಯಲ್ಲಿ ಪೇಪರು ಓದುತ್ತಿದ್ದರು. ನಾನು ಒಳಗೆ ಕಡಲೆಬೇಳೆ ಆರಿಸುತ್ತಿದ್ದೆ. ಆರಾಯಿತು. ಪೇಪರಿನ ಕೊನೆಯ ಪುಟಕ್ಕೆ ಬಂದರು.

ಇಲ್ಲಿ ಯಾವ ಮಂಜೂ ಇಲ್ಲ. ನನಗೆ ನೆನಪಿತ್ತು. ನಾಲಿಗೆಯ ತುದಿಯಲ್ಲಿತ್ತು. ಹೇಳಿದರೆ ನಾಳೆ ಎಲ್ಲ ಸುಸೂತ್ರ, ಅದಾಗಿ ಮೂರು ದಿನಕ್ಕೆ ಬಸ್ಸು. ಆದರೆ ಹೇಳಿದರೆ ಪರೀಕ್ಷೆಯೇ ಸುಳ್ಳು. ನರಸೀಪುರದ ಕುರ್ಚಿಯಲ್ಲಿ ಕುಳಿತೂ ನಾನೇ ಇಲ್ಲಿಯ ಪ್ರತಿ ಐದೂವರೆಯನ್ನು ಹೊತ್ತಿರಬೇಕು. ಹೇಳದಿದ್ದರೆ ನಾಳೆ ಎಲ್ಲರೆದುರು ಮನೆ ಬೀಳುತ್ತದೆ, ಮಾತಿನ ಪ್ರಕಾರ ನಾನು ಸಹಿ ಹಾಕಬೇಕು. ಎರಡು ಕಡೆಯೂ ನನಗೇ ಸೋಲು. ಏಳು ಗಂಟೆಗೆ ದೀಪ ಹಚ್ಚಿದೆ. ಅವರು ಒಳಗೆ ಬಂದು, "ನಾಳೆಗೆ ಎಲ್ಲಾ ಆಯ್ತಲ್ಲ?" ಎಂದು ಕೇಳಿದರು.

"ನಿಮಗೆ ಗೊತ್ತಿರಬೇಕು," ಎಂದೆ.

"ಆಯ್ತು ಬಿಡು," ಎಂದರು, ಸಮಾಧಾನದಿಂದ.

ಮರುದಿನ ಹನ್ನೊಂದೂವರೆಗೆ ಒಬ್ಬಟ್ಟು ಬೆಂದು, ಪಾಯಸ ಒಲೆಯ ಮೇಲಿತ್ತು. ಮಾವನ ಫೋಟೊಗೆ ಹಾರ ಹಾಕಿತ್ತು. ಪಾದಪೂಜೆಯ ಹಿತ್ತಾಳೆ ತಟ್ಟೆ ನಡುಮನೆಯಲ್ಲಿ ಖಾಲಿ ಕುಳಿತಿತ್ತು. ನಾದಿನಿ ಸೆರಗಿಗೆ ಕೈ ಒರೆಸಿಕೊಂಡು ಕೇಳಿದಳು.

"ಅಣ್ಣಾ, ಅಯ್ನೋರು ಎಷ್ಟೊತ್ಗೆ ಬತ್ತೀನಿ ಅಂದ್ರು?"

ಗಂಡ ನನ್ನ ಕಡೆ ತಿರುಗಿದರು. "ಎಷ್ಟೊತ್ತಿಗಂತೆ?"

"ನನ್ನ ಕೇಳಿದ್ರೆ? ಹೇಳೋಕೆ ನೀವು ಹೋಗಿದ್ರಾ?"

"ನೀನು ಹೇಳ್ಲೇ ಇಲ್ವಲ್ಲ!"

"ಇಲ್ಲ. ಹೇಳ್ಲಿಲ್ಲ."

ನಾದಿನಿ ಬಾಯಿಗೆ ಕೈ ಇಟ್ಟಳು. "ಅಯ್ಯೋ ಸಿವ್ನೇ, ಮರ್ತ್ಬುಟ್ರಾ ಅತ್ಗೆ? ಆಪೀಸ್ನಲ್ಲಿ ಯಾವ್ ಪೈಲು ಯಾವ್ ಬೀರುನಲ್ಲಿ ಅದೆ ಅಂತ ನಿದ್ದೆಗಣ್ಣಲ್ಲೂ ಏಳ್ತೀರಿ. ಓದ ಮಾವ್ನ ಮರ್ತ್ಬುಟ್ರಾ?"

"ಮರೆತಿಲ್ಲ. ನೆನ್ನೆ ಸಂಜೆಯೆಲ್ಲಾ ನೆನಪಿತ್ತು."

ನಾದಿನಿ ಹೋಗಿ ಪಾಯಸದ ಒಲೆ ಆರಿಸಿ ಬಂದಳು.

"ನೆಪ್ಪಿದ್ದೂ ಏಳ್ನಿಲ್ವಾ?"

"ಅದು ನನ್ನ ಪಾಲಿನದಲ್ಲ. ನಿಮ್ಮಣ್ಣನ ಪಾಲಿನದು."

"ಕೇಳ್ದಾ ಅವ್ವಾ? ಅಪ್ಪನ್ ಪೂಜೆಯಾ ಪಾಲು ಆಕ್ಕಂಡವ್ರೆ! ಈಗ್ಲೇ ಇಂಗೆ. ನಾಳೆ ಇವ್ರು ನರಸೀಪುರದ್ ಬಸ್ ಅತ್ತುದ್ರೆ ಈ ಮನೆಗೆ ದೀಪ ಅಚ್ಚೋರ್ಗೂ ಗತಿ ಇರಕಿಲ್ಲ."

ಗೋಡೆಗೆ ಒರಗಿ ಕುಳಿತಿದ್ದ ಅತ್ತೆ ಏನೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗಂಡ ಸ್ಕೂಟರಿನ ಕೀ ತೆಗೆದುಕೊಂಡು ಹೋದರು. ಅರ್ಧ ಗಂಟೆಗೆ ವಾಪಸ್ಸು ಬಂದು ಹೊಸಿಲಿನ ಆಚೆಯಿಂದಲೇ, ಅಯ್ನೋರು ಚಿಕ್ಕಯ್ಯನಛತ್ರಕ್ಕೆ ಗೃಹಪ್ರವೇಶಕ್ಕೆ ಹೋಗಿದ್ದಾರೆ, ಅಲ್ಲಿಗೇ ಹೋಗುತ್ತೇನೆ ಎಂದು ಮೈದುನನಿಗೆ ಹೇಳಿ ಹೊರಟರು. ನನ್ನ ಕಡೆ ನೋಡಲಿಲ್ಲ.

ಆಮೇಲಿನ ಮೂರು ಗಂಟೆಯ ಬಗ್ಗೆ ಹೇಳಬೇಕು, ಏಕೆಂದರೆ ಧೈರ್ಯದ ಕಥೆ ಹೇಳುವವರು ಇಂಥ ಮೂರು ಗಂಟೆಗಳನ್ನು ನುಂಗಿಬಿಡುತ್ತಾರೆ. ಅತ್ತೆಗೆ ಸಕ್ಕರೆ ಕಾಯಿಲೆ. ಬೆಳಗಿನ ಮಾತ್ರೆ ತೆಗೆದುಕೊಂಡಿದ್ದರು. ಹೊತ್ತಿಗೆ ಊಟವಿಲ್ಲದಿದ್ದರೆ ಕೈ ನಡುಗಿ ಬೆವರುವುದನ್ನು ನಾನು ಕಂಡಿದ್ದೆ. ಇದನ್ನು ಹಿಂದಿನ ಸಂಜೆ ಐದೂವರೆಗೆ ಲೆಕ್ಕಕ್ಕೆ ತಂದುಕೊಂಡಿದ್ದೆನೇ? ತಂದುಕೊಂಡಿರಲಿಲ್ಲ. ಮನೆಯ ಎಲ್ಲವನ್ನೂ ತಲೆಯಲ್ಲಿಟ್ಟವಳು ಎಂದು ಬೀಗುವ ನಾನು ಆ ಒಂದನ್ನು ಬಿಟ್ಟಿದ್ದೆ. ಒಂದು ಬಾಳೆಹಣ್ಣು ಸುಲಿದು ಅವರ ಮುಂದೆ ಹಿಡಿದೆ.

"ಇಷ್ಟಾದ್ರೂ ತಿನ್ನಿ ಅತ್ತೆ. ಮಾತ್ರೆ ತಗೊಂಡಿದೀರಿ."

"ಬ್ಯಾಡ ಕಣವ್ವ. ಅಯ್ನೋರ್ ಪ್ರಸಾದ ಆಗ್ಲಿ."

"ನಿಮಗೇನಾದ್ರೂ ಆದ್ರೆ?"

"ಆದ್ರೆ ಆಗ್ಲಿ ಬುಡು. ನಿಮ್ಮಾವ್ನ್ ದಿನ್ವೇ ಓದ್ರೆ ಒಂದೇ ಪೂಜೇಲಿ ಮುಗೀತದೆ."

ನಾದಿನಿ ಅತ್ತಳು. ನಾನು ಹಣ್ಣು ಹಿಡಿದುಕೊಂಡು ನಿಂತಿದ್ದೆ. ರೇಡಿಯೋ ಕೆಳಗಿನಿಂದ ಕಾಗದದ ಅಂಚು ಕಾಣುತ್ತಿತ್ತು. ಅತ್ತೆಯ ಕೈ ನಡುಗಿದರೆ ಆ ಕ್ಷಣವೇ ಸಹಿ ಹಾಕಿಬಿಡುತ್ತೇನೆ ಎಂದು ಯಾರಿಗೆಂದು ಗೊತ್ತಿಲ್ಲದೆ ಮಾತು ಕೊಟ್ಟೆ. ಅವರ ಕೈಯನ್ನೇ ನೋಡುತ್ತ ಕುಳಿತೆ. ಕೈ ನಡುಗಲಿಲ್ಲ. ಒಂದೂವರೆ ಆಯಿತು, ಎರಡಾಯಿತು. ನಡುಗಲಿಲ್ಲ. ಈ ನಡುವೆ ನಾದಿನಿ ನನ್ನಿಂದ ಒಂದು ತಪ್ಪೊಪ್ಪಿಗೆಗಾಗಿ ಕಾಯುತ್ತಿದ್ದಳು. ತಪ್ಪಾಯಿತು ಎಂದು ಒಂದು ಸಲ ಅಂದಿದ್ದರೆ ಅವಳು ನನ್ನನ್ನು ತಬ್ಬಿಕೊಂಡೇ ಬಿಡುತ್ತಿದ್ದಳು, ಅಷ್ಟು ಒಳ್ಳೆಯ ಹೆಂಗಸು. ನಾನು ಅನ್ನಲಿಲ್ಲ. ಅತ್ತೆಯ ಹಸಿವಿಗೆ ನಾನು ತಪ್ಪಿತಸ್ಥೆ, ಬಿನ್ನಹಕ್ಕಲ್ಲ. ಎರಡನ್ನೂ ಸೇರಿಸಿ ಕಟ್ಟಿದ ಗಂಟನ್ನು ನಾನು ಹೊರುವುದಿಲ್ಲ ಎಂದುಕೊಂಡೆ.

ಮೂರಕ್ಕೆ ಸ್ಕೂಟರಿನ ಸದ್ದು. ಹಿಂದೆ ಕುಳಿತಿದ್ದ ಅಯ್ನೋರು ಧೂಳು ಕೊಡವಿಕೊಂಡು ಇಳಿದರು. ಆಗಲೇ ಎಪ್ಪತ್ತು ದಾಟಿದವರು.

"ಯಾರವ್ವಾ ಈ ಮನೇಲಿ ನನ್ ಮರ್ತೋರು? ಗೃಹಪ್ರವೇಸದ ಪಂಕ್ತೀಲಿ ಎಲೆ ಮುಂದೆ ಕುಂತಿದ್ದೋನ ಎಬ್ಬುಸ್ಕಂಡ್ ಬಂದವ್ರೆ ನಿಮ್ ಯಜಮಾನ್ರು. ದಾರೀಲಿ ಬಾಯೇ ಬುಡ್ನಿಲ್ಲ."

ಎಲ್ಲರೂ ನನ್ನನ್ನೇ ನೋಡಿದರು. ನಾನು ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತಿದ್ದೆ.

"ನಾನು, ಬುದ್ಧಿ," ಎಂದರು ಗಂಡ. ಬಗ್ಗಿ ಚಪ್ಪಲಿ ಬಿಡುತ್ತಿದ್ದರು, ಮುಖ ಕಾಣಲಿಲ್ಲ. "ಅದು ನನ್ನ ಜವಾಬ್ದಾರಿ. ನಾನೇ ಮರ್ತೆ."

"ಸರಿ ಬುಡಪ್ಪ. ಮೇಷ್ಟ್ರೇ ಮರ್ತ್ರೆ ಬೆಂಚಿನ್ ಮ್ಯಾಲೆ ನಿಲ್ಸೋರ್ ಯಾರು? ಬಿನ್ನಹ ಇಲ್ದೆ ಬಂದಿವ್ನಿ, ಎಲ್ಡೊಬ್ಬಟ್ಟು ಜಾಸ್ತಿ ಆಕ್ರವ್ವ."

ಅತ್ತೆ ನಕ್ಕರು. ಅದು ನನಗೆ ಕಂಡಿತು.

ಪೂಜೆಯಾಯಿತು, ಊಟವಾಯಿತು. ಸಂಜೆ ನಾದಿನಿ ಹೆಮ್ಮಿಗೆಯ ಬಸ್ಸಿಗೆ ಹೊರಟಾಗ ನನಗೆ ಹೇಳದೆ ಹೋದಳು. ಮುಂದೆ ಒಂದು ವರ್ಷ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಗಂಡ ಜಗಲಿಯಲ್ಲಿ ಕುಳಿತಿದ್ದರು. ರೇಡಿಯೋ ಕೆಳಗಿನ ಕಾಗದ ತಂದು ಅವರ ಮುಂದಿಟ್ಟೆ.

"ಮಾತಿನ ಪ್ರಕಾರ ಮನೆ ನಡೀಲಿಲ್ಲ," ಎಂದೆ. "ಆದ್ರೂ ನಾನು ಸಹಿ ಹಾಕಲ್ಲ."

"ಮತ್ತೆ ಮಾತು ಯಾಕೆ ಕೊಟ್ಟೆ?"

"ತಪ್ಪು ಮಾತು ಕೊಟ್ಟೆ. ನಾನೊಬ್ಬಳು ಬಾಯಿ ಮುಚ್ಚಿದ್ರೆ ಬಿದ್ದುಹೋಗೋ ಮನೇನ ನಾನು ಇಷ್ಟು ವರ್ಷ ಬಾಯಿಂದ ಎತ್ತಿ ಹಿಡಿದಿದ್ದೆ. ಅದಕ್ಕೆ ಬಡ್ತಿ ಬಿಡಬೇಕಾ? ನೀವು ಮರೆತ್ರಿ, ಹೋಗಿ ಕರ್ಕೊಂಡ್ ಬಂದ್ರಿ. ಮುಂದಿನ ವರ್ಷ ಮರೆಯಲ್ಲ. ಹಂಗೇ ಕಲಿಯೋದು. ನಾನೂ ಹಂಗೇ ಕಲ್ತದ್ದು, ನಂಗ್ಯಾರು ಹದಿನೈದು ದಿನ ಟೈಮ್ ಕೊಟ್ಟಿದ್ರು?"

ಅವರು ಒಪ್ಪಿದರೆಂದು ಬರೆಯಲಾರೆ. "ನಿನ್ನಿಷ್ಟ" ಎಂದರು, ಆ ಪದದಲ್ಲಿ ಇಷ್ಟವೇನೂ ಇರಲಿಲ್ಲ. ಹದಿನೈದನೇ ದಿನ ಏಳೂಕಾಲರ ಬಸ್ಸಿಗೆ ನಾನೊಬ್ಬಳೇ ನಡೆದು ಹೋದೆ.

ಆ ಮೇಲಿನ ತಿಂಗಳುಗಳು ಮನೆಯಲ್ಲಿ ಅಧ್ವಾನ. ಇಬ್ಬರೂ ಉಪ್ಪು ತಂದು ಇಬ್ಬರೂ ಬೇಳೆ ಮರೆಯುತ್ತಿದ್ದೆವು. ಒಂದು ಮಧ್ಯಾಹ್ನ ಕಚೇರಿಯ ಫೋನಿಗೆ ಗಂಡ ಕರೆ ಮಾಡಿದರು: "ಬೇಳೆ ಎಲ್ಲಿಟ್ಟಿದೀಯ?" ನನಗೆ ಗೊತ್ತಿತ್ತು, ಹಳೆಯ ಹಾರ್ಲಿಕ್ಸ್ ಸೀಸೆಯಲ್ಲಿ. "ಗೊತ್ತಿಲ್ಲ ರೀ, ಹುಡುಕಿ," ಎಂದು ಇಟ್ಟುಬಿಟ್ಟೆ. ಪಕ್ಕದ ಮೇಜಿನವರು, "ಏನ್ ಮೇಡಂ, ಬೇಳೆ ಕಳುವಾಗೋಯ್ತಂತಾ? ಕಂಪ್ಲೇಂಟ್ ಬರ್ಕಳಾದಾ?" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಬೆಳಗಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತರೆ ತಲೆಯಲ್ಲಿ ಮೊದಲೆಲ್ಲ ಒಂದು ರೀತಿಯ ಬಯಲು. ಏನು ಯೋಚಿಸುವುದೆಂದೇ ತಿಳಿಯುತ್ತಿರಲಿಲ್ಲ. ಗದ್ದೆ, ಬಾಳೆತೋಟ, ಮತ್ತೆ ಗದ್ದೆ. ಹೆದರಿಕೆಯಾಗುತ್ತಿತ್ತು. ವರ್ಷವಾಗುವಷ್ಟರಲ್ಲಿ ಆ ಬಯಲು ನನಗೆ ಬೇಕೆನಿಸತೊಡಗಿತು. ಅದನ್ನು ನಾನು ಯಾರಿಗೂ ವಾಪಸ್ಸು ಕೊಡಲಿಲ್ಲ. ನಿವೃತ್ತಿಯಾಗುವವರೆಗೆ ನೀರು, ಗ್ಯಾಸು, ಮಾತ್ರೆ, ಪೂಜೆ ನನ್ನ ತಲೆಗೆ ಮರಳಲಿಲ್ಲ. ಮಿಕ್ಕ ನೂರು ನನ್ನಲ್ಲೇ ಉಳಿದವು. ಸಮಪಾಲು ಆಯಿತೆಂದು ನಾನು ಎಲ್ಲಿಯೂ ಹೇಳಿಲ್ಲ.

ಅತ್ತೆ ಎರಡು ಸಾವಿರದ ನಾಲ್ಕರ ಸುಮಾರಿಗೆ ಹೋದರು. ಅವರ ಹನ್ನೊಂದನೆಯ ದಿನ, ಅಷ್ಟುಹೊತ್ತಿಗೆ ತಾನೂ ಸಂಸಾರಸ್ಥೆಯಾಗಿದ್ದ ನಾದಿನಿಯ ಮಗಳು ಪಾತ್ರೆ ತೊಳೆಯುತ್ತ ಒಂದು ಮಾತು ಹೇಳಿದಳು. ಬಿನ್ನಹ ತಪ್ಪಿದ ವರ್ಷ ಅಜ್ಜಿ ಬೆಳಿಗ್ಗೆ ಆರಕ್ಕೇ ಎದ್ದು ಹಿತ್ತಿಲಿನಲ್ಲಿ ನಿಂತು ಎರಡು ಲೋಟ ರಾಗಿ ಗಂಜಿ ಕುಡಿದರಂತೆ. ಪೂಜೆಯ ದಿನ ಪ್ರಸಾದಕ್ಕೆ ಮೊದಲು ಅವರು ನೀರು ಬಿಟ್ಟು ಏನನ್ನೂ ಮುಟ್ಟಿದವರಲ್ಲ. ಗಂಜಿ ಕಾಯಿಸಿಕೊಟ್ಟವಳು ಇವಳೇ. "ನಿಮ್ಮತ್ತೆಗೆ ಏಳ್ಬ್ಯಾಡ, ಇವತ್ತು ಊಟ ತಡ ಆಯ್ತದೆ" ಎಂದಿದ್ದರಂತೆ. ಅವಳ ಅತ್ತೆ ಎಂದರೆ ನಾನು.

ಹಾಗಾದರೆ ಅತ್ತೆಗೆ ಗೊತ್ತಿತ್ತು. ಹಿಂದಿನ ಸಂಜೆ ಅಯ್ನೋರ ಮನೆಗೆ ಯಾರೂ ಹೋಗಲಿಲ್ಲವೆಂದು ಗೊತ್ತಿದ್ದೂ ಮಗನಿಗೆ ಹೇಳಲಿಲ್ಲ, ನನ್ನ ಬಾಳೆಹಣ್ಣನ್ನೂ ಮುಟ್ಟಲಿಲ್ಲ. ನನ್ನ ತಲೆಗೆ ಬರುವ ಮೊದಲು ಮೂವತ್ತು ವರ್ಷ ಈ ಮನೆ ಅವರ ತಲೆಯಲ್ಲಿತ್ತು. ಮಗ ಕಲಿಯಲಿ ಎಂದು ಸುಮ್ಮನಿದ್ದರೇ? ಅಥವಾ ಎಲ್ಲರೆದುರು ನಾನು ಸೋತು ಮನೆಯಲ್ಲೇ ಉಳಿಯಲಿ ಎಂದೇ? ಮೂರು ಗಂಟೆ ನಾನು ಅವರ ಕೈಯನ್ನೇ ನೋಡುತ್ತಿದ್ದಾಗ ಅವರು ನನ್ನನ್ನು ಹೇಗೆ ನೋಡುತ್ತಿದ್ದರು?

ಅಥವಾ ಆ ಹುಡುಗಿ ಬೇರೆ ಯಾವುದೋ ದಿನದ ಗಂಜಿಯನ್ನು ಈ ದಿನಕ್ಕೆ ತಂದು ಸೇರಿಸಿದ್ದಾಳೆ. ಈ ಗಂಜಿ ನನ್ನ ತಪ್ಪಿನ ಭಾರವನ್ನು ಇಳಿಸುತ್ತದೆ. ಅದಕ್ಕೇ ಅದನ್ನು ನಂಬಲು ಹೆದರುತ್ತೇನೆ. ಗಂಡನನ್ನು ಕೇಳಿದೆ, ಅವರಿಗೆ ಗೊತ್ತಿಲ್ಲ. ಅತ್ತೆಯ ಜೊತೆ ಆ ದಿನದ ಮೇಲೂ ಆರೇಳು ವರ್ಷ ಒಂದೇ ಮನೆಯಲ್ಲಿದ್ದೆ. ಆ ದಿನದ ಬಗ್ಗೆ ಅವರು ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವರು ಯಾರ ಕಡೆ ಇದ್ದರೆಂದು ನನಗೆ ಗೊತ್ತಿಲ್ಲ.